ಒಂದೇ ಮನೆಯ ಅಣ್ಣ-ತಂಗಿಗೆ ಎರಡು ಮಾತೃಭಾಷೆ! ಈ ಸರ್ವೆಯನ್ನು ಏನು ಮಾಡಲಿ?

ಮೀಂಜದ ಟೀಚರ್
ಶನಿವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಾನು ಶಾಲೆಯಲ್ಲಿ ಕಲಿಸುತ್ತಾ ಪಿಎಚ್‌ಡಿ ಮಾಡುತ್ತಿದ್ದೇನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳ ಮನೆಮಾತು ಯಾವುದು, ಅದಕ್ಕೂ ಅವರ ಕನ್ನಡ ಓದಿಗೂ ಏನು ಸಂಬಂಧ ಎನ್ನುವುದು ವಿಷಯ. ನನಗೆ ಮನೆಗಳಿಗೆ ಹೋಗಿ, ಕೂತು ಮಾತಾಡಿಸುವ ಆಸೆ ಇತ್ತು. ಗೈಡ್ ಒಪ್ಪಲಿಲ್ಲ. "ಪರಿಮಾಣಾತ್ಮಕವಾಗಿಯೇ, ಅಂದರೆ ಎಣಿಸಿ ಅಳೆದೇ ಮಾಡಿ. ಕೋಷ್ಟಕ ಇದ್ದರೆ ವೈವಾದ ದಿನ ಯಾರೂ ಬಾಯಿ ತೆರೆಯುವುದಿಲ್ಲ" ಅಂದರು. ಸರಿ ಅಂತ 24 ಪ್ರಶ್ನೆಗಳ ಫಾರ್ಮ್ ಮಾಡಿದೆ. ಆರು ಶಾಲೆಗಳಲ್ಲಿ ಮುನ್ನೂರು ಚಿಲ್ಲರೆ ಮಕ್ಕಳಿಂದ ತುಂಬಿಸಿಕೊಂಡು ಬಂದೆ.

ಕಳೆದ ವಾರ ಎಲ್ಲವನ್ನೂ ಎಕ್ಸೆಲ್‌ಗೆ ಹಾಕುತ್ತಾ ಕೂತಿದ್ದೆ. ಒಂದು ಕಡೆ ಕೈ ನಿಂತಿತು. ಐದನೇ ಕ್ಲಾಸಿನ ಹುಡುಗಿ, ಮಾತೃಭಾಷೆ ತುಳು. ಎಂಟನೇ ಕ್ಲಾಸಿನ ಹುಡುಗ, ಮಾತೃಭಾಷೆ ಕನ್ನಡ. ಇಬ್ಬರ ಮನೆ ಹೆಸರೂ ಒಂದೇ, ಅಪ್ಪನ ಹೆಸರೂ ಒಂದೇ. ಅಣ್ಣ, ತಂಗಿ!

ತಾಯಿಗೆ ಫೋನ್ ಮಾಡಿದೆ. ಅವರಿಗೆ ಗಾಬರಿಯೇನೂ ಆಗಲಿಲ್ಲ. "ಎರಡೂ ಸರಿಯೇ ಟೀಚರ್. ಮನೆಯಲ್ಲಿ ನಾವು ತುಳುವೇ ಮಾತಾಡುವುದು. ಆದರೆ ಫಾರ್ಮಿನಲ್ಲಿ ಕನ್ನಡ ಅಂತ ಬರೆಯಬೇಕು ಅಂತ ದೊಡ್ಡವನಿಗೆ ಹೇಳಿಕೊಟ್ಟಿದ್ದೇನೆ. ಸಣ್ಣವಳಿಗೆ ಹೇಳಲು ಮರೆತುಹೋಯಿತು" ಅಂದರು. ಯಾಕೆ ಹಾಗೆ ಅಂತ ಕೇಳಿದೆ. "ಎಲ್ಲರೂ ತುಳು, ಕೊಂಕಣಿ, ಮಲಯಾಳ ಅಂತ ಬರೆದುಬಿಟ್ಟರೆ, ನಾಳೆ ಇಲ್ಲಿ ಕನ್ನಡ ಯಾರಿಗೆ ಬೇಕು ಅಂತ ಕೇಳುವುದಿಲ್ವಾ?"

ಆವತ್ತಿನಿಂದ ನನಗೆ ಮಂಡೆಬಿಸಿ. ಹೇಳಲು ಮರೆಯದ ತಾಯಂದಿರು ಇನ್ನೆಷ್ಟು ಜನ ಇದ್ದಾರೋ! ಈ ಸಂಖ್ಯೆಗಳನ್ನು ನಂಬಿ ಪ್ರಬಂಧ ಬರೆಯುವುದಾ? ಪರಿಮಾಣಾತ್ಮಕ ಸಂಶೋಧನೆಯ ಐದು ಗುಣ, ಐದು ದೋಷ ನನಗೂ ಬಾಯಿಪಾಠ ಉಂಟು. ಅದು ಬೇಡ. ಎಣಿಸಿ ಗೊತ್ತಿದ್ದವರು, ಇಲ್ಲವೇ ಎಣಿಸಿಕೊಂಡು ಗೊತ್ತಿದ್ದವರು, ನಿಮ್ಮ ಅನುಭವ ಹೇಳಿ.


ಪೆರ್ಲದ ಹಳೇ ಮಾಷ್ಟ್ರು
ಶನಿವಾರ, ರಾತ್ರಿ 10.25

ಟೀಚರ್, ಆ ತಾಯಿಯನ್ನು ನಾನು ಮೂರು ಜನಗಣತಿಗಳಲ್ಲಿ ಭೇಟಿಯಾಗಿದ್ದೇನೆ. ಅವರನ್ನೇ ಅಲ್ಲ, ಅವರಂಥವರನ್ನು. 1991, 2001, 2011, ಮೂರು ಸಲವೂ ಚೀಲ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿ ಇಳಿದವನು ನಾನು.

ಗಣತಿಯಲ್ಲಿ ಮಾತೃಭಾಷೆಗೆ ಒಂದು ಅರ್ಥ ಉಂಟು. ವ್ಯಕ್ತಿಯ ಬಾಲ್ಯದಲ್ಲಿ ತಾಯಿ ಅವನೊಂದಿಗೆ ಆಡುತ್ತಿದ್ದ ಭಾಷೆ. ತಾಯಿ ಬೇಗ ತೀರಿಹೋಗಿದ್ದರೆ ಆ ಕಾಲದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ತರಬೇತಿಯಲ್ಲಿ ಇದನ್ನು ಓದಿ ಹೇಳಿದಾಗ ಎಲ್ಲರೂ ತಲೆ ಅಲ್ಲಾಡಿಸಿದೆವು. ಮನೆ ಬಾಗಿಲಿಗೆ ಹೋದರೆ ಯಜಮಾನರು ಒಬ್ಬರೇ ಹೊರಗೆ ಬರುತ್ತಾರೆ. ಮನೆಯ ಒಂಬತ್ತು ಜನಕ್ಕೂ ಒಂದೇ ಉಸಿರಿಗೆ ಒಂದು ಭಾಷೆ ಹೇಳುತ್ತಾರೆ. ವಿಟ್ಲದಿಂದ ಬಂದ ಸೊಸೆ, ನೀಲೇಶ್ವರದಿಂದ ಬಂದ ಸೊಸೆ, ಇಬ್ಬರದೂ ಅದೇ ಭಾಷೆ! ಹೇಳಿದ್ದನ್ನು ಬರೆಯಬೇಕು, ವಾದ ಮಾಡಬಾರದು ಅಂತ ನಮಗೆ ಕಟ್ಟುನಿಟ್ಟು. ಬರೆದೆವು.

ಮುಂದಿನ ಕಾಲಂ ಇನ್ನೂ ತಮಾಷೆ. ಗೊತ್ತಿರುವ ಬೇರೆ ಭಾಷೆಗಳಿಗೆ 2011ರ ಫಾರ್ಮಿನಲ್ಲಿ ಎರಡೇ ಜಾಗ. ಸಪ್ತಭಾಷೆಗಳ ಊರು ಅಂತ ನಾವು ಭಾಷಣ ಬಿಗಿಯುವ ಜಾಗ ಇದು, ಉಪ್ಪಳ ಪೇಟೆಯಲ್ಲಿ ಮೀನು ಮಾರುವವರಿಗೂ ಐದು ಭಾಷೆ ಬರುತ್ತದೆ. ಮಾತೃಭಾಷೆ ಅಲ್ಲದೆ ಎರಡು ಬರೆದು, ಎರಡು ಬಿಟ್ಟೆವು. ಆ ಎರಡು ಭಾಷೆ ಅವರಿಗೆ ಬರುವುದಿಲ್ಲ ಅಂತ ಇವತ್ತು ಕೋಷ್ಟಕ ಹೇಳುತ್ತದೆ.

ಮತ್ತೆ, ನಾವು ಬರೆದುಕೊಟ್ಟದ್ದು ಹಾಗೇ ಉಳಿಯುವುದೂ ಇಲ್ಲ. 2011ರಲ್ಲಿ ದೇಶದ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ಪರಿಶೀಲಿಸಿ, ಸೇರಿಸಿ, 1,369 ಮಾತೃಭಾಷೆಗಳು ಅಂತ ಮಾಡಿದರು. ಅವನ್ನೂ ಗುಂಪು ಮಾಡಿದಾಗ ಹತ್ತು ಸಾವಿರ ಅಥವಾ ಜಾಸ್ತಿ ಜನ ಆಡುವ ಭಾಷೆಗಳು 121 ಉಳಿದವು. ಹಾಗೆ ಮಾಡದೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಆದರೆ ಅಚ್ಚಾದ ಸಂಖ್ಯೆ ನೋಡುವಾಗ ನನಗೆ ಆ ಯಜಮಾನರ ಮುಖವೇ ಕಾಣುತ್ತದೆ.

ಸುಳ್ಳು ಅಂತಲೂ ಹೇಳಲಾರೆ. ನನ್ನ ಅಮ್ಮ ಕನ್ನಡ ಭಾರತ ಸರಾಗ ಓದುತ್ತಿದ್ದರು. ಮಲಯಾಳದ ಬಸ್ ಬೋರ್ಡ್ ಓದಲು ಬರುತ್ತಿರಲಿಲ್ಲ, ಯಾರನ್ನಾದರೂ ಕೇಳಬೇಕಿತ್ತು. ಗಣತಿಯ ಪ್ರಕಾರ ಏಳು ವರ್ಷ ದಾಟಿದವರಿಗೆ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಲು, ಬರೆಯಲು ಬಂದರೆ ಸಾಕ್ಷರರು. 1991ರ ಏಪ್ರಿಲ್‌ನಲ್ಲಿ ಕೇರಳ ಸಂಪೂರ್ಣ ಸಾಕ್ಷರ ಅಂತ ಘೋಷಣೆ ಆದಾಗ ಅಮ್ಮನೂ ಅದರಲ್ಲಿ ಸೇರಿದ್ದರು. ಸರಿಯಾದ ಲೆಕ್ಕವೇ. ಬಸ್ ಮಾತ್ರ ತಪ್ಪುತ್ತಿತ್ತು.


ನೀರ್ಚಾಲು ಎಂಎಡ್
ಶನಿವಾರ, ರಾತ್ರಿ 10.31

ಹಾಜರಿ ಹಾಕುತ್ತಿದ್ದೇನೆ. ನನಗೂ ಮುಂದಿನ ತಿಂಗಳು ಇದೇ ಕಷ್ಟ ಉಂಟು.


ಲೆಕ್ಕದವ
ಶನಿವಾರ, ರಾತ್ರಿ 11.50

ಊರು ಕುಂಬಳೆ, ಹೊಟ್ಟೆಪಾಡು ಬೆಂಗಳೂರಿನಲ್ಲಿ, ಕೆಲಸ ಸ್ಟಾಟಿಸ್ಟಿಕ್ಸ್. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಬೇಡ ಅಕ್ಕ.

ಮೊದಲನೆಯದು. ನೀವು ತಪ್ಪು ಹಿಡಿದದ್ದು ಯಾವುದರಿಂದ? ಅದೇ ಎಕ್ಸೆಲ್‌ನಿಂದ. ಮುನ್ನೂರು ಜನಕ್ಕೆ ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳಿ, ಉತ್ತರಗಳನ್ನು ಸಾಲಾಗಿ ಇಟ್ಟ ಕಾರಣ ಎರಡು ಸಾಲು ಜಗಳಾಡಿದ್ದು ಕಂಡಿತು. ಇಪ್ಪತ್ತು ಮನೆಗಳಲ್ಲಿ ಕಾಫಿ ಕುಡಿದು ಮಾತಾಡಿಸಿದ್ದರೆ ಅಣ್ಣ ಒಂದು ಕಥೆಯಲ್ಲಿ, ತಂಗಿ ಇನ್ನೊಂದು ಕಥೆಯಲ್ಲಿ ಚೆನ್ನಾಗಿಯೇ ಕೂರುತ್ತಿದ್ದರು. ಈ ವಿಧಾನದ ದೊಡ್ಡ ಗುಣ ಅಂತ ನಾನು ಹೇಳುವುದು ಇದನ್ನೇ. ತಪ್ಪು ಮಾಡಿದರೆ ಬೇರೆಯವರು ಬಂದು ಹಿಡಿಯಬಹುದು.

ಎರಡನೆಯದು. ಅಳತೆ ಸ್ಥಿರವಾಗಿದೆಯಾ ಎನ್ನುವುದು ಒಂದು ಪ್ರಶ್ನೆ. ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯಾ ಎನ್ನುವುದು ಬೇರೆ ಪ್ರಶ್ನೆ. ಅಂಗಡಿಯ ತಕ್ಕಡಿ ಪ್ರತಿ ಸಲವೂ ಸರಿಯಾಗಿ ಐವತ್ತು ಗ್ರಾಂ ಕಡಿಮೆ ತೋರಿಸಿದರೆ ಅದು ಸ್ಥಿರ, ಆದರೆ ಸರಿಯಲ್ಲ. ಆ ತಾಯಿ ಸಣ್ಣವಳಿಗೂ ಹೇಳಿಕೊಟ್ಟಿದ್ದರೆ ನಿಮ್ಮ ಫಾರ್ಮ್ ತುಂಬಾ ಸ್ಥಿರವಾಗಿರುತ್ತಿತ್ತು. ನೀವೂ ಖುಷಿಯಲ್ಲಿ ಇರುತ್ತಿದ್ದಿರಿ.

ಮೂರನೆಯದು, ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು. ಆ ಆರು ಶಾಲೆಗಳನ್ನು ಹೇಗೆ ಆರಿಸಿದಿರಿ?

ಸಂಖ್ಯೆ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಅದು ಸುಲಭದ ಪ್ರಶ್ನೆ. ಶೇಕಡಾ 95 ಭರವಸೆಯಲ್ಲಿ, ಐದು ಅಂಕ ಆಚೀಚೆ ಆದರೂ ಪರವಾಗಿಲ್ಲ ಅಂದರೆ ಸುಮಾರು 384 ಜನ ಸಾಕು. ಜಿಲ್ಲೆಗೂ ಅಷ್ಟೇ, ದೇಶಕ್ಕೂ ಹೆಚ್ಚು ಕಡಿಮೆ ಅಷ್ಟೇ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕುತ್ತೇವಲ್ಲ, ಹಾಗೆ. ಆದರೆ ನಮ್ಮ ಕುಚ್ಚಲಕ್ಕಿ ಬೇಯಿಸುವ ಅಜ್ಜಿಯಂದಿರು ಮೇಲಿನ ಅಗುಳು ತೆಗೆಯುವುದಿಲ್ಲ. ಸೌಟು ಅಡಿಯವರೆಗೆ ಹಾಕಿ ತಿರುವಿ, ಆಮೇಲೆ ತೆಗೆಯುತ್ತಾರೆ. ಆ 384ರ ಲೆಕ್ಕವೂ ಹಾಗೆ ತಿರುವಿದ ಮೇಲೆ ಮಾತ್ರ.

ತಿರುವದೇ ಇದ್ದರೆ ಏನಾಗುತ್ತದೆ ಅಂತ 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ತೋರಿಸಿಕೊಟ್ಟಿತು. ಅಧ್ಯಕ್ಷ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನಕ್ಕೆ ಮಾದರಿ ಮತಪತ್ರ ಕಳಿಸಿದರು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಲ್ಯಾಂಡನ್ ಗೆಲ್ಲುತ್ತಾರೆ ಅಂದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸ ತೆಗೆದದ್ದು ಹೆಚ್ಚಾಗಿ ಫೋನ್ ಡೈರೆಕ್ಟರಿ, ಕಾರಿನ ನೋಂದಣಿ ಪಟ್ಟಿಗಳಿಂದ. ಆ ಆರ್ಥಿಕ ಕುಸಿತದ ಕಾಲದಲ್ಲಿ ಕಾರು, ಫೋನು ಇದ್ದವರು ಯಾರು ಅಂತ ಯೋಚಿಸಿ. ಮತ್ತೆ ಉತ್ತರ ಬರೆದು ಕಳಿಸಿದವರು ನಾಲ್ಕರಲ್ಲಿ ಒಬ್ಬರು. ಉಳಿದವರ ಮನಸ್ಸಿನಲ್ಲಿ ಏನಿತ್ತು ಅಂತ ಯಾರಿಗೆ ಗೊತ್ತು? ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುತ್ತಿದ್ದ ಗ್ಯಾಲಪ್ ಅದಕ್ಕಿಂತ ಎಷ್ಟೋ ಚಿಕ್ಕ ಸ್ಯಾಂಪಲ್ ಇಟ್ಟುಕೊಂಡು ಸರಿಯಾಗಿ ಹೇಳಿದ್ದರು.


ಮೀಂಜದ ಟೀಚರ್
ಭಾನುವಾರ, ಬೆಳಿಗ್ಗೆ 6.15

ಹೇಗೆ ಆರಿಸಿದೆ ಅಂತ ಹೇಳಲು ನಾಚಿಕೆ ಆಗುತ್ತದೆ. ನಾನು ಹೋಗಿಬರುವ ಬಸ್ಸಿನ ದಾರಿಯಲ್ಲಿ ಇರುವ ಶಾಲೆಗಳು. ಒಂದರಲ್ಲಿ ನನ್ನ ತಂಗಿ ಟೀಚರ್.

ಪ್ರಬಂಧದಲ್ಲಿ "ಯಾದೃಚ್ಛಿಕವಾಗಿ ಆಯ್ದುಕೊಳ್ಳಲಾಯಿತು", ಅಂದರೆ ಚೀಟಿ ಎತ್ತಿದ ಹಾಗೆ ಆರಿಸಿದ್ದು, ಅಂತ ಬರೆದಿದ್ದೇನೆ.


ಲೆಕ್ಕದವ
ಭಾನುವಾರ, ಬೆಳಿಗ್ಗೆ 8.02

ಎಲ್ಲರೂ ಹಾಗೇ ಬರೆಯುತ್ತಾರೆ ಅಕ್ಕ. ಆ ವಾಕ್ಯ ಮೊದಲು ಅಳಿಸಿ.


ತೋಟದ ಕೆಲಸ
ಭಾನುವಾರ, ಬೆಳಿಗ್ಗೆ 10.10

ಬಾಯಾರಿನ ಅಡಿಕೆ ಕೃಷಿಕ. ಎಣಿಸಿಕೊಂಡವರ ಸಾಲಿನಲ್ಲಿ ನನ್ನನ್ನು ಸೇರಿಸಿ.

ನಮ್ಮ ಮನೆಗೆ ವರ್ಷಕ್ಕೆ ಎರಡು ಮೂರು ಸರ್ವೆಯವರು ಬರುತ್ತಾರೆ. ಪಾಪ, ಬೆವರು ಒರೆಸಿಕೊಂಡು ಬರುತ್ತಾರೆ, ಮಜ್ಜಿಗೆ ಕೊಡುತ್ತೇವೆ. ಆದರೆ ಸತ್ಯ ಹೇಳಬೇಕಾದರೆ, ಫಸಲು ಎಷ್ಟು ಅಂತ ಕೇಳಿದರೆ ನಾನು ಕಡಿಮೆ ಹೇಳುತ್ತೇನೆ. ಕೊಳೆರೋಗದಲ್ಲಿ ಎಷ್ಟು ಹೋಯಿತು ಅಂತ ಕೇಳಿದರೆ ಜಾಸ್ತಿ ಹೇಳುತ್ತೇನೆ. ನೆರೆಕರೆಯವರೂ ಹಾಗೆಯೇ. ಎರಡನ್ನೂ ಕೂಡಿಸಿದರೆ ನಮ್ಮ ತೋಟಗಳಲ್ಲಿ ಕೊಯ್ಯಲು ಏನೂ ಉಳಿದಿರಲಿಕ್ಕಿಲ್ಲ! ಮೋಸ ಮಾಡಬೇಕು ಅಂತ ಅಲ್ಲ ಮಾರಾಯ್ರೆ. ಚಾಲಿ (ಒಣಗಿಸಿದ ಅಡಿಕೆ) ಎಷ್ಟು ಕಟ್ಟಿಟ್ಟಿದ್ದೀರಿ ಅಂತ ಗುರುತಿಲ್ಲದವರು ಕೇಳಿದರೆ ನಾಲಿಗೆ ತನ್ನಿಂದ ತಾನೇ ಹಿಂದೆ ಸರಿಯುತ್ತದೆ.

ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಇದಕ್ಕೆ ಒಂದು ದಾರಿ ಹುಡುಕಿದ್ದರು ಅಂತ ಓದಿದ್ದೇನೆ. 1930ರ ದಶಕದಲ್ಲಿ ಬಂಗಾಳದ ಸೆಣಬಿನ ಲೆಕ್ಕ ಮಾಡುವಾಗ ಒಂದೇ ಪ್ರದೇಶಕ್ಕೆ ಎರಡು ತಂಡ ಕಳಿಸುವುದು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡೂ ಹತ್ತಿರ ಬಂದರೆ ಸರಿ, ದೂರ ಹೋದರೆ ಎಲ್ಲೋ ಎಡವಿದ್ದಾರೆ. ಇಳುವರಿಯನ್ನೂ ರೈತನ ಬಾಯಿಂದ ಕೇಳುವ ಬದಲು ಗದ್ದೆಯ ಒಂದು ತುಂಡು ಗುರುತು ಮಾಡಿ ಕೊಯ್ದು ತೂಗುವುದು. ಬಾಯಿಗಿಂತ ಕತ್ತಿ ವಾಸಿ.

ಪ್ರಯೋಗದ ಬಗ್ಗೆಯೂ ಒಂದು ಮಾತು. ನಾನು ಒಮ್ಮೆ ದೊಡ್ಡ ಸಂಶೋಧಕನ ಹಾಗೆ ತೋಟದ ಮೇಲಿನ ಬದಿಗೆ ಅಂಗಡಿಯ ಹೊಸ ಮದ್ದು, ತೋಡಿನ ಬದಿಗೆ ನಮ್ಮ ಹಳೇ ಬೋರ್ಡೋ ಬಿಟ್ಟೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅಜ್ಜನ ಕಾಲದ ಲೆಕ್ಕ. ತೋಡಿನ ಬದಿ ಅಡಿಕೆ ಉದುರಿತು, ಮೇಲೆ ಉಳಿಯಿತು. ಹೊಸ ಮದ್ದೇ ಒಳ್ಳೆಯದು ಅಂತ ಊರಿಡೀ ಸಾರಿದೆ. ಮರುವರ್ಷ ಎರಡೂ ಬದಿಗೆ ಹೊಸ ಮದ್ದು. ಆಗಲೂ ತೋಡಿನ ಬದಿಯೇ ಉದುರಿತು! ಅಲ್ಲಿ ತೇವ ಜಾಸ್ತಿ, ಬಿಸಿಲು ಕಡಿಮೆ. ನಾನು ಹೋಲಿಸಿದ್ದು ಎರಡು ಮದ್ದನ್ನಲ್ಲ, ಎರಡು ನೆಲವನ್ನು.

ಕೃಷಿ ಓದಿದ ಅಳಿಯನಿಗೆ ಹೇಳಿದರೆ ಅವನು ನಕ್ಕ. ಈ ತೊಂದರೆಗೆ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಹೊಲಗಳಲ್ಲಿ ಫಿಷರ್ ಎಂಬವರು 1920ರ ದಶಕದಲ್ಲೇ ಮದ್ದು ಕೊಟ್ಟಿದ್ದಾರಂತೆ. ಜಾಗವನ್ನು ತುಂಡು ತುಂಡು ಮಾಡಿ, ಯಾವ ತುಂಡಿಗೆ ಯಾವುದು ಅಂತ ಚೀಟಿ ಎತ್ತಬೇಕು. ಆಗ ತೇವ, ನೆರಳು, ಮಣ್ಣು ಯಾವುದೂ ಒಂದೇ ಕಡೆಗೆ ವಾಲುವುದಿಲ್ಲ. ನಮ್ಮ ಬುದ್ಧಿಗಿಂತ ಚೀಟಿ ನಿಷ್ಪಕ್ಷಪಾತಿ. ಟೀಚರ್, ನಿಮ್ಮ ಬಸ್ಸಿನ ದಾರಿ ಅಂದರೆ ನನ್ನ ತೋಡಿನ ಬದಿ.


ನೀರ್ಚಾಲು ಎಂಎಡ್
ಭಾನುವಾರ, ಮಧ್ಯಾಹ್ನ 2.30

ಐದು ಅಂಕಗಳ ಸ್ಕೇಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 1932ರಲ್ಲಿ ಲೈಕರ್ಟ್ ಮಾಡಿಟ್ಟದ್ದು, ಇವತ್ತಿಗೂ ನಮ್ಮ ಕಾಲೇಜಿನಲ್ಲಿ ಇದು ಇಲ್ಲದೆ ಪ್ರಬಂಧವೇ ಇಲ್ಲ. "ಸಂಪೂರ್ಣ ಒಪ್ಪುತ್ತೇನೆ"ಯಿಂದ "ಸ್ವಲ್ಪವೂ ಒಪ್ಪುವುದಿಲ್ಲ"ದವರೆಗೆ.

ನಾನು ಏಳನೇ ಕ್ಲಾಸಿಗೆ ಕೊಟ್ಟೆ. ಕ್ಲಾಸ್ ಟೀಚರ್ ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ಎಲ್ಲರೂ ಎಲ್ಲದಕ್ಕೂ "ಸಂಪೂರ್ಣ ಒಪ್ಪುತ್ತೇನೆ". "ನನಗೆ ಓದುವುದು ಇಷ್ಟ" ಎನ್ನುವುದಕ್ಕೂ ಒಪ್ಪಿಗೆ, ಆರು ಪ್ರಶ್ನೆ ಬಿಟ್ಟು ಬರುವ "ನನಗೆ ಓದುವುದೆಂದರೆ ಬೇಜಾರು" ಎನ್ನುವುದಕ್ಕೂ ಒಪ್ಪಿಗೆ! ಆ ಉಲ್ಟಾ ಪ್ರಶ್ನೆ ಇದ್ದ ಕಾರಣ ಗೊತ್ತಾಯಿತು. ಇಲ್ಲದಿದ್ದರೆ ಸರಾಸರಿ ಚೆನ್ನಾಗಿ ಬಂದಿರುತ್ತಿತ್ತು, ನಾನೂ ಅಚ್ಚು ಹಾಕಿಸಿರುತ್ತಿದ್ದೆ.

ಇನ್ನೊಂದು. ಇಂಗ್ಲಿಷಿನ ಸ್ಕೇಲನ್ನು ಎಳೆದು ತಂದು ಕನ್ನಡ ಮಾಡಿದ್ದೆವು. ಒಬ್ಬ ಹುಡುಗ ಕೈ ಎತ್ತಿ, "ಟೀಚರ್, ಸ್ವಯಂ ಪರಿಣಾಮಕಾರಿತ್ವ ಅಂದರೆ ಎಂಥದು?" ಅಂದ. ನನಗೂ ಸರಿಯಾಗಿ ಗೊತ್ತಿರಲಿಲ್ಲ. "ಗೊತ್ತಿಲ್ಲದಿದ್ದರೆ ಮಧ್ಯದ್ದಕ್ಕೆ ಗುರುತು ಹಾಕು" ಅಂದೆ. ನನ್ನ ಸಂಶೋಧನೆಯಲ್ಲಿ ಮಧ್ಯದ ಅಂಕ ಅಂದರೆ ಅಷ್ಟೇ.


ಮಧೂರು ಮದ್ದಳೆ
ಭಾನುವಾರ, ಸಂಜೆ 5.45

ನಾನು ಜಾನಪದದವನು, ಸಂಖ್ಯೆಯೆಂದರೆ ಸ್ವಲ್ಪ ಅಲರ್ಜಿ. ಒಂದು ಯಕ್ಷಗಾನ ಮೇಳ ಈ ವರ್ಷ ಎಷ್ಟು ಆಟ ಆಡಿತು ಅಂತ ಎಣಿಸಬಹುದು. ಬೆಳಗಿನ ಜಾವ ನಾಲ್ಕು ಗಂಟೆಗೆ ಗದ್ದೆಯಲ್ಲಿ ಯಾರು ಎಚ್ಚರ ಇದ್ದರು, ಯಾಕೆ ಇದ್ದರು ಎನ್ನುವುದು ಎಣಿಕೆಗೆ ಸಿಗುವುದಿಲ್ಲ. ಆ ತಾಯಿಯ ಒಂದು ವಾಕ್ಯ ಉಂಟಲ್ಲ, "ಸಣ್ಣವಳಿಗೆ ಹೇಳಲು ಮರೆತುಹೋಯಿತು"? ನಿಮ್ಮ ಮುನ್ನೂರು ಫಾರ್ಮಿಗಿಂತ ಅದರಲ್ಲೇ ಜಾಸ್ತಿ ಕಾಸರಗೋಡು ಇದೆ. ಎರಡೂ ಸೇರಿಸಿ ಮಿಶ್ರ ವಿಧಾನ ಮಾಡಿ, ಮುಗಿಯಿತು.


ಲೆಕ್ಕದವ
ಭಾನುವಾರ, ಸಂಜೆ 6.20

ವಾಕ್ಯದ ಬಗ್ಗೆ ಒಪ್ಪಿದೆ ಅಣ್ಣ. ಆದರೆ ನೀವು ಮಾತಾಡಿಸುವ ಇಪ್ಪತ್ತು ಹಿರಿಯ ಕಲಾವಿದರೂ ಸ್ಯಾಂಪಲ್ಲೇ. ಬೇಗ ಮೇಳ ಬಿಟ್ಟು ಮುಂಬೈಗೆ ಹೋದವರನ್ನು ನೀವು ಮಾತಾಡಿಸಿಲ್ಲ. ನಾವು ಅದನ್ನು ದೋಷ ಅಂತ ಬರೆದುಕೊಳ್ಳುತ್ತೇವೆ, ನೀವು ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಿಶ್ರ ವಿಧಾನ ಅಂತ ಹೆಸರಿಟ್ಟು ಎರಡನ್ನೂ ಅರ್ಧಂಬರ್ಧ ಮಾಡಿದ್ದನ್ನು ತುಂಬಾ ನೋಡಿದ್ದೇನೆ. ಮುಂದೆ ನೂರು ಕೋಷ್ಟಕ, ಕೊನೆಗೆ ಅಂಟಿಸಿದ ಮೂರು ಸಂದರ್ಶನ.

ನಮ್ಮ ಕಡೆಯ ಹುಳುಕನ್ನೂ ಹೇಳಿಬಿಡುತ್ತೇನೆ. ನಿಜವಾಗಿ ಏನೂ ಸಂಬಂಧ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ (p ಮೌಲ್ಯ) 0.05ಕ್ಕಿಂತ ಕಡಿಮೆ ಬಂದರೆ ಪಾಸು, ಜಾಸ್ತಿ ಬಂದರೆ ಫೇಲು ಅಂತ ಒಂದು ರೂಢಿ ಆಗಿಹೋಗಿದೆ. ಆ ಗೆರೆ ದೇವರು ಎಳೆದದ್ದಲ್ಲ. ಅನುಕೂಲಕ್ಕೆ ಅಂತ ಫಿಷರ್ ಹೇಳಿದ್ದನ್ನು ಉಳಿದವರು ಶಾಸ್ತ್ರ ಮಾಡಿಕೊಂಡರು. ಇಪ್ಪತ್ತು ರೀತಿಯಲ್ಲಿ ಹಿಂಡಿ ನೋಡಿದರೆ ಒಂದು ಸಲ ಏನಾದರೂ ತೊಟ್ಟಿಕ್ಕುತ್ತದೆ. 2015ರಲ್ಲಿ ಮನಶ್ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೊದಲು ಶೇಕಡಾ 97ರಲ್ಲಿ ಆ ಗೆರೆ ದಾಟಿತ್ತು. ಎರಡನೇ ಸಲ ದಾಟಿದ್ದು ಶೇಕಡಾ 36.


ಎಣ್ಮಕಜೆಯವಳು
ಭಾನುವಾರ, ರಾತ್ರಿ 9.05

ಬರೆಯಬೇಕೋ ಬೇಡವೋ ಅಂತ ನಿನ್ನೆಯಿಂದ ಯೋಚಿಸಿದೆ. ನಮ್ಮ ಪಂಚಾಯತಿನ ಹೆಸರು ಕೇಳಿದರೆ ಹೊರಗಿನವರಿಗೆ ಒಂದೇ ನೆನಪು, ಎಂಡೋಸಲ್ಫಾನ್ ಎಂಬ ಕೀಟನಾಶಕ.

ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು, 2000ನೇ ಇಸವಿಯವರೆಗೆ. ಮಕ್ಕಳಲ್ಲಿ ಏನೋ ಸರಿ ಇಲ್ಲ ಅಂತ ಮನೆಯವರು ಹೇಳಿದರು. ಪಡ್ರೆಯಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾಕ್ಟರು ಹೇಳಿದರು. ಶ್ರೀ ಪಡ್ರೆಯಂಥವರು ಪತ್ರಿಕೆಗಳಲ್ಲಿ ಬರೆದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತ ನಾವು ಕೇಳುತ್ತಿದ್ದೆವು. ಬೇಕಿತ್ತು. ಅಂಗೈ ನಮ್ಮದು, ನೋಡಬೇಕಾದವರು ದೆಹಲಿಯಲ್ಲಿದ್ದರು.

ಕನ್ನಡಿ ಅಂದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ. ಮದ್ದು ಬಿದ್ದ ಊರಿನ 117 ಹುಡುಗರು, ಬೀಳದ ಊರಿನ 90 ಹುಡುಗರು, ಎಲ್ಲರೂ 10ರಿಂದ 19 ವರ್ಷದ ಶಾಲಾ ಮಕ್ಕಳು. ರಕ್ತ ಪರೀಕ್ಷೆ ಮಾಡಿದರು, ದೇಹದ ಬೆಳವಣಿಗೆ ನೋಡಿದರು. ನಮ್ಮ ಕಡೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಇತ್ತು, ಹರೆಯಕ್ಕೆ ಬರುವುದು ತಡವಾಗುತ್ತಿರುವಂತೆ ಕಂಡಿತು. 2003ರಲ್ಲಿ ಪ್ರಕಟವಾಯಿತು. ಸ್ಯಾಂಪಲ್ ಚಿಕ್ಕದು, ಕೆಲವರು ಭಾಗವಹಿಸಲಿಲ್ಲ, ಇದು ನಮ್ಮ ಮಿತಿ ಅಂತ ಅವರೇ ಬರೆದುಕೊಂಡಿದ್ದಾರೆ. ಹಾಗೆ ಬರೆದ ಕಾರಣವೇ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಸಂಖ್ಯೆ ಬಂದ ಮೇಲೆ ನಮ್ಮ ಮಾತಿಗೆ ಬೆಲೆ ಬಂತು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಅದೇ ವರ್ಷ ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. ಇದನ್ನು ಸಂಖ್ಯೆಯ ಶಕ್ತಿ ಅಲ್ಲ ಅಂತ ಹೇಗೆ ಹೇಳಲಿ?

ಆದರೆ ಮುಂದೆ ಏನಾಯಿತು ಕೇಳಿ. ಪರಿಹಾರದ ಪಟ್ಟಿ ಶುರುವಾಯಿತು. ನನ್ನ ಚಿಕ್ಕಮ್ಮ ಮಗನನ್ನು ಎತ್ತಿಕೊಂಡು ಕ್ಯಾಂಪಿಗೆ ಹೋದರು. ಇವನ ಕಷ್ಟ ಎಂಡೋಸಲ್ಫಾನ್‌ನಿಂದಲೇ ಬಂದದ್ದಾ ಅಂತ ಪ್ರಶ್ನೆ. ಅದಕ್ಕೆ 117ರಲ್ಲೂ ಉತ್ತರ ಇಲ್ಲ, 90ರಲ್ಲೂ ಇಲ್ಲ. ಅಧ್ಯಯನ ಹೇಳುವುದು ಗುಂಪಿನ ಬಗ್ಗೆ. ಇಷ್ಟು ಮಕ್ಕಳಲ್ಲಿ ಇಷ್ಟು ವ್ಯತ್ಯಾಸ ಅಂತ. ಈ ಒಬ್ಬ ಹುಡುಗನ ಬಗ್ಗೆ ಅದು ಬಾಯಿ ಬಿಡುವುದಿಲ್ಲ, ಬಿಡಲು ಬರುವುದೂ ಇಲ್ಲ. ಚಿಕ್ಕಮ್ಮನಿಗೆ ಇದನ್ನು ಯಾರು ವಿವರಿಸುವುದು? ಪಟ್ಟಿಯಲ್ಲಿ ಹೆಸರು ಇದ್ದರೆ ಸಂತ್ರಸ್ತ, ಇಲ್ಲದಿದ್ದರೆ ಸುಮ್ನೆ ಕಾಯಿಲೆಯವನು.


ಮುಳ್ಳೇರಿಯ ಮೋಡ
ಭಾನುವಾರ, ರಾತ್ರಿ 9.30

ಕ್ಷಮಿಸಿ, ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಎರಡು ಊರುಗಳ ನಡುವೆ ಮದ್ದು ಒಂದೇ ವ್ಯತ್ಯಾಸ ಅಂತ ಹೇಗೆ ಗೊತ್ತು? ಬಡತನ, ಊಟ, ಸಂಬಂಧದೊಳಗಿನ ಮದುವೆ ಇಲ್ವಾ? ಜೊತೆಯಲ್ಲಿ ಬಂದದ್ದೆಲ್ಲ ಕಾರಣ ಆಗುವುದಿಲ್ಲ.


ಲೆಕ್ಕದವ
ಭಾನುವಾರ, ರಾತ್ರಿ 10.15

ಪ್ರಶ್ನೆ ಸರಿಯೇ. ಅಡಿಕೆಯಣ್ಣನ ತೋಡಿನ ಬದಿಯ ಪ್ರಶ್ನೆಯೇ ಇದು. ಆದರೆ ಇಲ್ಲಿ ಚೀಟಿ ಎತ್ತಲು ಸಾಧ್ಯವಾ? ಯಾವ ಮಕ್ಕಳ ಮೇಲೆ ವಿಷ ಬೀಳಬೇಕು ಅಂತ ಯಾರೂ ಚೀಟಿ ಎತ್ತುವುದಿಲ್ಲ. ಸಿಗರೇಟಿನ ವಿಷಯದಲ್ಲೂ ಹೀಗೇ ವಾದ ನಡೆದಿತ್ತು. ಫಿಷರ್ ಅವರೇ ಸಿಗರೇಟಿನ ಪರವಾಗಿ ಹಟ ಹಿಡಿದರು, ದೊಡ್ಡವರಿಗೂ ತಪ್ಪುತ್ತದೆ. ಕಾರಣ ಯಾವುದು ಅಂತ ತೂಗಿ ನೋಡಲು 1965ರಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಒಂಬತ್ತು ಅಂಶ ಕೊಟ್ಟರು: ಸಂಬಂಧ ಎಷ್ಟು ಗಟ್ಟಿ, ಬೇರೆ ಕಡೆಯೂ ಕಂಡಿದೆಯಾ, ಕಾರಣ ಮೊದಲು ಬಂದಿದೆಯಾ, ಪ್ರಮಾಣ ಹೆಚ್ಚಿದಂತೆ ತೊಂದರೆಯೂ ಹೆಚ್ಚುತ್ತದಾ, ಹೀಗೆ. ಆದರೆ ಎಲ್ಲ ಒಂಬತ್ತೂ ತುಂಬುವವರೆಗೆ ಸಿಂಪಡಿಸುತ್ತಾ ಇರಿ ಅಂತ ಅವರು ಹೇಳಲಿಲ್ಲ.


ನಿರ್ವಾಹಕ
ಭಾನುವಾರ, ರಾತ್ರಿ 10.40

ಎಂಡೋಸಲ್ಫಾನ್‌ಗೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಟೀಚರ್ ಫಾರ್ಮಿನ ಬಗ್ಗೆ ಮಾತ್ರ.


ಪೆರ್ಲದ ಹಳೇ ಮಾಷ್ಟ್ರು
ಸೋಮವಾರ, ಬೆಳಿಗ್ಗೆ 7.20

ನಿರ್ವಾಹಕರೇ, ಆ ಹೆಣ್ಣುಮಗಳು ಹೇಳಿದ ಪಟ್ಟಿಯ ಮಾತೇ ಟೀಚರ್ ಫಾರ್ಮಿಗೂ ಬೇಕಾದ್ದು. ಎಣಿಕೆಯಿಂದ ಏನಾದರೂ ಸಿಗುವುದಿದ್ದರೆ, ಇಲ್ಲವೇ ಹೋಗುವುದಿದ್ದರೆ, ಜನ ಉತ್ತರವನ್ನು ಅದಕ್ಕೆ ತಕ್ಕಂತೆ ಕೊಡುತ್ತಾರೆ.

1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಸೂತ್ರ ಮಾಡಿದರು. ಪ್ರಾಥಮಿಕ ಶಾಲೆಯಲ್ಲಿ ಬೇರೆ ಮಾತೃಭಾಷೆಯ ಮಕ್ಕಳು ಒಟ್ಟು 40, ಅಥವಾ ಒಂದು ತರಗತಿಯಲ್ಲಿ 10 ಇದ್ದರೆ ಆ ಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ಕೊಡಬೇಕು. ಭಾಷಾ ಅಲ್ಪಸಂಖ್ಯಾತರ ಮಾತು ಬಂದಾಗೆಲ್ಲ ಈ 40, 10 ಬರುತ್ತದೆ. ಹತ್ತರ ಬದಲು ಒಂಬತ್ತು ಮಕ್ಕಳು ಕನ್ನಡ ಅಂತ ಬರೆದರೆ? ಆಮೇಲೆ 1956ರ ನವೆಂಬರ್ 1, ಕಾಸರಗೋಡು ಕೇರಳಕ್ಕೆ ಸೇರಿದ ದಿನ. ಆಮೇಲೆ ಗಡಿ ತಕರಾರಿನ ಮಹಾಜನ ಆಯೋಗ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಅಂತ 1967ರಲ್ಲಿ ವರದಿ ಕೊಟ್ಟಿತು, ಏನೂ ಆಗಲಿಲ್ಲ. ಈ ಎಲ್ಲ ಜಗಳಗಳಲ್ಲೂ ಎಷ್ಟು ತಲೆ ಯಾವ ಭಾಷೆಯವು ಎಂಬುದೇ ಮೊದಲ ಪ್ರಶ್ನೆ.

ಹಾಗಾಗಿ ಆ ತಾಯಿ ತಪ್ಪು ಉತ್ತರ ಕೊಟ್ಟಿಲ್ಲ ಟೀಚರ್. ನೀವು ಕೇಳಿದ್ದು ಒಂದು, ಅವರು ಉತ್ತರಿಸಿದ್ದು ಎಪ್ಪತ್ತು ವರ್ಷದಿಂದ ಕೇಳುತ್ತಿರುವ ಇನ್ನೊಂದು ಪ್ರಶ್ನೆಗೆ. ಗೆರೆ ಎಳೆದ ಕಾಲಂ ಅಂದರೆ ನಮ್ಮವರಿಗೆ ಸರಕಾರ. "ಮಾತೃಭಾಷೆ" ಎಂಬ ಪದವನ್ನೇ ಬಿಟ್ಟು ನೋಡಿ.


ಮೀಂಜದ ಟೀಚರ್
ಮೂರು ವಾರದ ನಂತರ, ಶುಕ್ರವಾರ, ರಾತ್ರಿ 8.50

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ. ಹಳೇ ಮುನ್ನೂರು ಫಾರ್ಮನ್ನು ಬದಿಗಿಟ್ಟೆ. ಒಂದು ದಿನ ಅತ್ತೆ, ಆಮೇಲೆ ಸರಿಹೋಯಿತು.

ಮಾಷ್ಟ್ರು ಹೇಳಿದ ಹಾಗೆ ಮಾತೃಭಾಷೆ ಪದ ತೆಗೆದೆ. ಈಗ ಎಂಟು ಸಣ್ಣ ಪ್ರಶ್ನೆ. ಅಜ್ಜಿ ಹತ್ತಿರ ಯಾವ ಭಾಷೆ, ಅಣ್ಣ ತಮ್ಮಂದಿರ ಹತ್ತಿರ ಯಾವುದು, ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ, ಅಂಗಡಿಯಲ್ಲಿ, ಆಟದ ಬಯಲಿನಲ್ಲಿ ಜಗಳ ಆಡುವಾಗ, ಅಮ್ಮ ಬೈಯುವಾಗ, ಮನಸ್ಸಿನಲ್ಲೇ ಚಿಲ್ಲರೆ ಎಣಿಸುವಾಗ, ಟಿವಿ ನೋಡುವಾಗ. ಇದರಲ್ಲಿ ಯಾವುದಕ್ಕೂ ಮನೆಯಲ್ಲಿ ಹೇಳಿಕೊಟ್ಟ ಉತ್ತರ ಇರಲಿಕ್ಕಿಲ್ಲ ಎಂಬುದು ನನ್ನ ಅಂದಾಜು. ಒಂದಕ್ಕಿಂತ ಜಾಸ್ತಿ ಭಾಷೆಗೆ ಗುರುತು ಹಾಕಬಹುದು, ಎರಡೇ ಎಂಬ ನಿಯಮ ಇಲ್ಲ.

ಕುಂಬಳೆ, ಮಂಜೇಶ್ವರ, ಕಾಸರಗೋಡು, ಮೂರೂ ಉಪಜಿಲ್ಲೆಗಳ ಕನ್ನಡ ಶಾಲೆಗಳ ಪಟ್ಟಿ ತಂದು, ಹೆಸರು ಬರೆದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮಗಳಿಂದ ಚೀಟಿ ಎತ್ತಿಸಿದೆ. ಮೊದಲ ಚೀಟಿಗೇ ಬಸ್ಸು ಇಲ್ಲದ ಊರು ಬಂತು. ಇನ್ನೊಂದು ಎತ್ತು ಅಂತ ಬಾಯಿಗೆ ಬಂದಿತ್ತು, ತೋಡಿನ ಬದಿ ನೆನಪಾಗಿ ಸುಮ್ಮನಾದೆ. ಜೀಪಿನಲ್ಲಿ ಹೋಗಬೇಕು. ಫಾರ್ಮ್ ತುಂಬಿಸುವಾಗ ಕ್ಲಾಸ್ ಟೀಚರ್ ಹೊರಗೆ ಇರಬೇಕು ಅಂತಲೂ ಕೇಳಿಕೊಂಡಿದ್ದೇನೆ. ನೀರ್ಚಾಲಿನ ತಂಗಿಗೆ ಥ್ಯಾಂಕ್ಸ್.

ಮತ್ತೆ, ಒಂದೇ ಮನೆಯ ಮಕ್ಕಳು ಸಿಕ್ಕಿದರೆ ಬಿಡುವುದಿಲ್ಲ, ಜೋಡಿ ಅಂತ ಗುರುತು ಮಾಡುತ್ತೇನೆ. ಜೋಡಿಗಳ ಉತ್ತರ ಎಲ್ಲಿ ಬೇರೆಯಾಗುತ್ತದೋ ಆ ಮನೆಗಳಿಗೆ ಮಾತ್ರ ಹೋಗಿ ಕೂತು ಮಾತಾಡುತ್ತೇನೆ. ಮದ್ದಳೆಯಣ್ಣ, ಕೊನೆಗೆ ಅಂಟಿಸುವ ಸಂದರ್ಶನ ಇದಲ್ಲ ಅಂತ ಅಂದುಕೊಂಡಿದ್ದೇನೆ. ಎಲ್ಲಿಗೆ ಹೋಗಬೇಕು ಅಂತ ಕೋಷ್ಟಕವೇ ಹೇಳುತ್ತದೆ.

ಗೈಡ್ ಹೊಸ ಫಾರ್ಮ್ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇದಕ್ಕೆ ಪೈ ಚಾರ್ಟ್ ಹೇಗೆ ಹಾಕುತ್ತೀರಿ?" ಅಂದರು. ಗೊತ್ತಿಲ್ಲ ಸರ್ ಅಂದೆ.

ನಿನ್ನೆ ಒಂದು ಶಾಲೆಯಲ್ಲಿ ಪೈಲಟ್ ಮಾಡಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. "ಟೀಚರ್, ದನದ ಹತ್ತಿರ ಮಾತಾಡುವುದಕ್ಕೆ ಕಾಲಂ ಇಲ್ವಾ? ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡವೇ, ದನಕ್ಕೆ ಮಾತ್ರ ತುಳು. ಕನ್ನಡದಲ್ಲಿ ಕರೆದರೆ ಬರುವುದಿಲ್ಲ." ಇಡೀ ಕ್ಲಾಸ್ ನಕ್ಕಿತು. ಆದರೆ ಮತ್ತೂ ನಾಲ್ಕೈದು ಕೈ ಮೇಲೆ ಬಂತು.


ತೋಟದ ಕೆಲಸ
ಶುಕ್ರವಾರ, ರಾತ್ರಿ 9.10

ನಮ್ಮಲ್ಲೂ ಹಾಗೆಯೇ. ನಾಯಿಗೆ ಬೇರೆ.


ಲೆಕ್ಕದವ
ಶುಕ್ರವಾರ, ರಾತ್ರಿ 9.25

ಒಂಬತ್ತನೇ ಪ್ರಶ್ನೆ ಸೇರಿಸಿ ಅಕ್ಕ. ದನ ಇಲ್ಲದ ಮನೆಗೆ "ಅನ್ವಯಿಸುವುದಿಲ್ಲ" ಅಂತ ಬೇರೆ ಗುರುತು ಇಡಿ, ಖಾಲಿ ಬಿಡಬೇಡಿ. ಖಾಲಿ ಬಿಟ್ಟದ್ದು ದನ ಇಲ್ಲದ್ದಕ್ಕೋ, ಉತ್ತರ ಕೊಡದ್ದಕ್ಕೋ ಅಂತ ಆಮೇಲೆ ಗೊತ್ತಾಗುವುದಿಲ್ಲ.


ನೀರ್ಚಾಲು ಎಂಎಡ್
ಶುಕ್ರವಾರ, ರಾತ್ರಿ 9.40

ಖಾಲಿ ಫಾರ್ಮ್ ಒಂದು ಕಳಿಸುತ್ತೀರಾ ಟೀಚರ್? ನನ್ನ ಸ್ಕೇಲಿನಿಂದ ಆ ಸ್ವಯಂ ಪರಿಣಾಮಕಾರಿತ್ವ ತೆಗೆದುಹಾಕುತ್ತಿದ್ದೇನೆ.